ನಿಮ್ಮ ತಾಳ ತಪ್ಪಿಲ್ಲ, ಲೆಕ್ಕ ಹಾಕಿಲ್ಲ ಅಷ್ಟೇ

1/9
ಮೊದಲೇ ಹೇಳಿಬಿಡ್ತೀನಿ, ವಿವರ ಆಮೇಲೆ. ಮನೇಲೋ ಹಾಸ್ಟೆಲ್ ರೂಮಲ್ಲೋ ಕರೋಕೆ ಹಾಕ್ಕೊಂಡು ಹಾಡಿದ್ರಿ. ರೆಕಾರ್ಡ್ ಆಯ್ತು. ಕೇಳಿದ್ರೆ ನಿಮ್ಮ ದನಿ ಟ್ರ್ಯಾಕ್‌ಗಿಂತ ಒಂದು ಕೂದಲೆಳೆ ಹಿಂದೆ. ಸಾಲು ಮುಗಿಯೋಷ್ಟರಲ್ಲಿ ತಬಲಾ ಮುಂದೆ ಹೋಗಿಬಿಟ್ಟಿದೆ. ಆಗ "ನಂಗೆ ತಾಳಾನೇ ಇಲ್ಲ" ಅಂತ ಡಿಲೀಟ್ ಒತ್ತಬೇಡಿ.

ಬಹಳ ಸಲ ಅದು ನಿಮ್ಮ ಗಂಟಲಿನ ತಪ್ಪೂ ಅಲ್ಲ, ಕಿವಿಯ ತಪ್ಪೂ ಅಲ್ಲ. ಫೋನು, ಲ್ಯಾಪ್‌ಟಾಪು, ಇಯರ್‌ಬಡ್ಸು ಮೂರೂ ಸೇರಿ ಮಾಡಿದ ತಡ ಅದು. ಅದರ ಹೆಸರು ಲೇಟೆನ್ಸಿ. ಅದನ್ನ ಅಳೆಯೋಕೆ ಬರುತ್ತೆ. ಅಳೆದ ಮೇಲೆ ಕಳೆಯೋಕೂ ಬರುತ್ತೆ.

ನಾನು ಸೌಂಡ್ ಎಂಜಿನಿಯರ್ ಅಲ್ಲ, ಬಿಕಾಂ. ಕಾಲೇಜ್ ಡೇ, ಫೇರ್‌ವೆಲ್, ರಾಜ್ಯೋತ್ಸವ ಅಂತ ಬಂದಾಗಲೆಲ್ಲ ಕ್ಲಾಸಿನವರ ಹಾಡುಗಳನ್ನ ಜೋಡಿಸಿ ಕೊಡೋ ಕೆಲಸ ಹೆಂಗೋ ನನ್ನ ತಲೆಗೆ ಬಂತು. ಆ ಕೆಲಸದಲ್ಲಿ ಪದೇ ಪದೇ ಕಂಡಿದ್ದು ಒಂದೇ. ಚೆನ್ನಾಗಿ ಹಾಡೋರು ಯಂತ್ರದ ತಡಕ್ಕೆ ತಮ್ಮನ್ನ ಬೈಕೊಳ್ತಾರೆ. ಕೇಳೋರು ಅದಕ್ಕೆ ತಲೆ ಆಡಿಸ್ತಾರೆ. ಅದು ಅನ್ಯಾಯ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಒಂಬತ್ತು ಭಾಗದಲ್ಲಿ ಹೇಳ್ತೀನಿ. ಹಾಡೋರು ಸೇವ್ ಮಾಡ್ಕೊಳ್ಳಿ. ಹಾಡದೆ ಬರೀ ಕಾಮೆಂಟ್ ಮಾಡೋರು ಎರಡು ಸಲ ಓದಿ.

2/9
ತಡ ಎಲ್ಲಿಂದ ಬರುತ್ತೆ?

ಮೈಕ್‌ಗೆ ಬಿದ್ದ ದನಿ ನೇರವಾಗಿ ಫೈಲಿಗೆ ಇಳಿಯಲ್ಲ. ಮೊದಲು ಅದನ್ನ ಸೆಕೆಂಡಿಗೆ 44,100 ಸಲ ಅಥವಾ 48,000 ಸಲ ಅಳೀತಾರೆ. ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಪ್ರತಿ ಸ್ಯಾಂಪಲ್ ಬಂದಾಗಲೂ ಪ್ರೊಸೆಸರ್‌ನ ಎಬ್ಬಿಸ್ತಾ ಕೂತರೆ ಅದಕ್ಕೆ ಬೇರೆ ಕೆಲಸ ಮಾಡೋಕೆ ಪುರಸೊತ್ತೇ ಇರಲ್ಲ. ಹಾಗಾಗಿ ಒಂದಷ್ಟು ಸ್ಯಾಂಪಲ್ ಸೇರೋವರೆಗೂ ಕಾಯ್ತಾರೆ. ನಮ್ಮೂರ ಟೆಂಪೋ ನೆನಪಿಸ್ಕೊಳ್ಳಿ: ಸೀಟು ತುಂಬೋವರೆಗೂ ಗಾಡಿ ಹೊರಡಲ್ಲ. ಮೊದಲು ಹತ್ತಿ ಕೂತವನು ಕಾಯ್ತಾನೇ ಇರಬೇಕು. ಆ ಟೆಂಪೋನೇ ಬಫರ್.

ಲೆಕ್ಕ ಸುಲಭ. ಬಫರ್ 256 ಸ್ಯಾಂಪಲ್, ಸೆಕೆಂಡಿಗೆ 48,000 ಅಂದ್ರೆ 256 ಭಾಗಿಸು 48,000, ಸುಮಾರು 5.3 ಮಿಲಿಸೆಕೆಂಡ್. 1024 ಇಟ್ಟರೆ ಸುಮಾರು 21.3. ಹಾಗಾದ್ರೆ ಚಿಕ್ಕದೇ ಇಡೋಣ ಅಂತೀರಾ? ತೀರಾ ಚಿಕ್ಕದಾದ್ರೆ ಲ್ಯಾಪ್‌ಟಾಪ್‌ಗೆ ತುಂಬಿಸಿ ಕಳಿಸೋಕೆ ಸಮಯ ಸಾಲಲ್ಲ, ಮಧ್ಯೆ ಮಧ್ಯೆ ಪಟ್ ಪಟ್ ಅಂತ ಸದ್ದು ಬರುತ್ತೆ. ತಡ ಬೇಕಾ, ಪಟಪಟ ಬೇಕಾ ಅನ್ನೋ ಚೌಕಾಸಿ ಇದು. ಪೂರ್ತಿ ಸೊನ್ನೆ ಅಂತೂ ಆಗಲ್ಲ.

ಈಗ ಮುಖ್ಯ ಮಾತು. ತಡ ಒಂದು ಕಡೆ ಅಲ್ಲ, ಎರಡು ಕಡೆ. ಸಾಫ್ಟ್‌ವೇರ್ 10.000ನೇ ಸೆಕೆಂಡಲ್ಲಿ ಒಂದು ಪೆಟ್ಟು ನುಡಿಸ್ತು ಅಂತ ಇಟ್ಕೊಳ್ಳಿ. ಅದು ನಿಮ್ಮ ಕಿವಿಗೆ ಬಂದಿದ್ದು 10.080ಕ್ಕೆ. ನೀವು ಪೆಟ್ಟಿನ ಮೇಲೇ, ಚೂರೂ ಜಾರದೆ ಹಾಡಿದ್ರಿ. ನಿಮ್ಮ ದನಿ ಮೈಕ್ ದಾಟಿ ಸಾಫ್ಟ್‌ವೇರ್‌ಗೆ ತಲುಪಿದ್ದು 10.130ಕ್ಕೆ. ಅದು ಅಲ್ಲೇ ಬರ್ಕೊಳ್ತು. ನೀವು ಮಾಡಿದ್ದು ನೂರಕ್ಕೆ ನೂರು ಸರಿ, ಫೈಲಲ್ಲಿ ನೀವು 130 ಮಿಲಿಸೆಕೆಂಡ್ ಲೇಟ್. ಹೋಗಿ ಬರೋ ಈ ಒಟ್ಟು ತಡಕ್ಕೆ ರೌಂಡ್ ಟ್ರಿಪ್ ಲೇಟೆನ್ಸಿ ಅಂತಾರೆ.

3/9
ಬ್ಲೂಟೂತ್ ಬಂದ್ರೆ ಕಥೆಯೇ ಬೇರೆ.

ವೈರ್ ಇರೋ ಇಯರ್‌ಫೋನಲ್ಲಿ ವೈರಿನ ತಡ ಅನ್ನೋದೇ ಲೆಕ್ಕಕ್ಕಿಲ್ಲ. ಬ್ಲೂಟೂತಲ್ಲಿ ಶಬ್ದವನ್ನ ಮೊದಲು ಕುಗ್ಗಿಸಬೇಕು, ರೇಡಿಯೋದಲ್ಲಿ ಕಳಿಸಬೇಕು, ಸಿಗ್ನಲ್ ತಪ್ಪಿದ್ರೆ ಮತ್ತೆ ಕಳಿಸೋಕೆ ಸ್ವಲ್ಪ ದಾಸ್ತಾನು ಇಟ್ಕೊಂಡಿರಬೇಕು, ಆಮೇಲೆ ಬಿಡಿಸಿ ನುಡಿಸಬೇಕು. ಸಾಮಾನ್ಯ ಇಯರ್‌ಬಡ್ಸಲ್ಲಿ ಇದಿಷ್ಟಕ್ಕೆ 100ರಿಂದ 200 ಮಿಲಿಸೆಕೆಂಡ್ ಹಿಡಿಯೋದು ಮಾಮೂಲಿ, ಕೆಲವೊಮ್ಮೆ ಇನ್ನೂ ಜಾಸ್ತಿ.

"ನಾನು ಇದರಲ್ಲೇ ಸಿನಿಮಾ ನೋಡ್ತೀನಿ, ತುಟಿಗೂ ಮಾತಿಗೂ ಸರಿಯಾಗೇ ಇದೆ" ಅಂತೀರಿ. ಹೌದು, ಯಾಕಂದ್ರೆ ವಿಡಿಯೋ ಆಪ್‌ಗೆ ಇಯರ್‌ಬಡ್ಸ್ ಲೇಟ್ ಅಂತ ಗೊತ್ತು. ಅದು ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತೆ. ಇಬ್ಬರೂ ಒಟ್ಟಿಗೆ ಲೇಟಾದ್ರೆ ಯಾರೂ ಲೇಟಲ್ಲ. ಆದ್ರೆ ಹಾಡೋ ನಿಮ್ಮನ್ನ ಅದು ಮೊದಲೇ ಹಾಡಿಸೋಕಾಗುತ್ತಾ? ಆಗಲ್ಲ.

ಇದು ಎಷ್ಟು ದೊಡ್ಡ ತಡ ಅಂತ ನಮ್ಮ ಲೆಕ್ಕದಲ್ಲೇ ನೋಡೋಣ. ಆದಿ ತಾಳ, ಎಂಟು ಅಕ್ಷರ. ನಿಮಿಷಕ್ಕೆ 80 ಅಕ್ಷರದ ಕಾಲಪ್ರಮಾಣ ಇದ್ರೆ ಒಂದು ಅಕ್ಷರಕ್ಕೆ 750 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ ಅದನ್ನ ತ-ಕ-ಧಿ-ಮಿ ಅಂತ ನಾಲ್ಕು ಭಾಗ ಮಾಡಿದ್ರೆ ಒಂದೊಂದಕ್ಕೆ 187.5. ಅಂದ್ರೆ 180ರ ಸುಮಾರು ತಡ ಇರೋ ಇಯರ್‌ಬಡ್ಸ್ ಹಾಕ್ಕೊಂಡು ಹಾಡಿದ್ರೆ, "ತ" ಮೇಲೆ ಬೀಳಬೇಕಾದ ನಿಮ್ಮ ಸ್ವರ ಹೆಚ್ಚೂಕಮ್ಮಿ "ಕ" ಮೇಲೆ ಬೀಳುತ್ತೆ. ಹಾಡಿಡೀ ಹಾಗೇ. ಕೇಳೋರಿಗೆ ಅದು ಬರೀ "ಸ್ವಲ್ಪ ಲೇಟ್" ಅನ್ಸಲ್ಲ, "ಇವಳಿಗೆ ತಾಳ ಬರಲ್ಲ" ಅಂತಲೇ ಅನ್ಸುತ್ತೆ.

ಒಂದು ಸಮಾಧಾನ: ಬರೀ ತಂಬೂರಿ ಆಪ್ ಹಾಕ್ಕೊಂಡು ಹಾಡೋರಿಗೆ ಈ ತೊಂದರೆ ಇಲ್ಲ. ಶ್ರುತಿಗೆ ಪೆಟ್ಟು ಇಲ್ವಲ್ಲ, 200 ಮಿಲಿಸೆಕೆಂಡ್ ತಡವಾಗಿ ಬಂದ ಷಡ್ಜವೂ ಷಡ್ಜವೇ. ತಾಳ ಬಂದಾಗ ಮಾತ್ರ ಲೆಕ್ಕ ಶುರು.

4/9
ಈಗ ಕಾಮರ್ಸ್‌ನವರು ಎದ್ದು ಕೂತ್ಕೊಳ್ಳಿ.

ಫಸ್ಟ್ ಪಿಯುಸಿ ಅಕೌಂಟೆನ್ಸಿಯ ಬಿಆರ್‌ಎಸ್ ನೆನಪಿದೆಯಾ? ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್. ನಾವು 28ನೇ ತಾರೀಖು ಚೆಕ್ ಕೊಟ್ಟು ಕ್ಯಾಶ್ ಬುಕ್ಕಲ್ಲಿ ಬರ್ಕೊಂಡ್ವಿ. ಅವನು ಅದನ್ನ ಬ್ಯಾಂಕಿಗೆ ಹಾಕಿದ್ದು ಮುಂದಿನ ತಿಂಗಳು 3ಕ್ಕೆ. ತಿಂಗಳ ಕೊನೆಗೆ ನಮ್ಮ ಕ್ಯಾಶ್ ಬುಕ್ಕಿಗೂ ಪಾಸ್ ಬುಕ್ಕಿಗೂ ತಾಳೆ ಆಗಲ್ಲ. ಆಗ ಏನ್ ಮಾಡ್ತೀವಿ? "ಕ್ಯಾಶಿಯರ್ ಕಳ್ಳ" ಅಂತೀವಾ? ಕ್ಯಾಶ್ ಬುಕ್ಕಲ್ಲಿ ಗೀಚಿ ಮೊತ್ತ ತಿದ್ದುತೀವಾ? ಇಲ್ಲ. ವ್ಯತ್ಯಾಸ ಯಾಕೆ ಬಂತು ಅಂತ ನೋಡ್ತೀವಿ. ಇದು ತಪ್ಪಲ್ಲ, ಸಮಯದ ವ್ಯತ್ಯಾಸ ಅಂತ ಗೊತ್ತಾದ್ರೆ ಪಟ್ಟಿಯಲ್ಲಿ ಬರೆದು ತಾಳೆ ಮಾಡ್ತೀವಿ. ನಿಜವಾದ ತಪ್ಪು ಇದ್ರೆ, ಮೊತ್ತ ತಪ್ಪು ಬರೆದಿದ್ರೆ, ಆಗ ಮಾತ್ರ ಬುಕ್ ತಿದ್ದುತೀವಿ.

ನನ್ನ ಪೂರ್ತಿ ವಾದ ಇಷ್ಟೇ. ಲೇಟೆನ್ಸಿ ಅನ್ನೋದು ಸಮಯದ ವ್ಯತ್ಯಾಸ. ತಾಳ ತಪ್ಪೋದು ನಿಜವಾದ ತಪ್ಪು. ಎರಡೂ ಕೇಳೋಕೆ ಒಂದೇ ಥರ ಇರುತ್ತೆ. ಆದ್ರೆ ಒಂದನ್ನ ಇನ್ನೊಂದು ಅಂದ್ಕೊಂಡು ತಿದ್ದೋಕೆ ಹೋದ್ರೆ ಸರಿಯಿದ್ದಿದ್ದೂ ಹಾಳಾಗುತ್ತೆ.

ಬೇರೆ ಮಾಡಿ ನೋಡೋದು ಹೇಗೆ? ಬಹಳ ಸುಲಭ. ಹಾಡಿನ ಶುರು, ಮಧ್ಯ, ಕೊನೆ, ಮೂರು ಜಾಗದಲ್ಲಿ ನಿಮ್ಮ ದನಿ ಟ್ರ್ಯಾಕಿನ ಪೆಟ್ಟಿಗಿಂತ ಎಷ್ಟು ಹಿಂದಿದೆ ಅಂತ ಅಳೀರಿ. ಮೂರೂ ಕಡೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಆಚೀಚೆ ಒಂದೇ ಇದ್ರೆ ಅದು ಯಂತ್ರದ ತಡ. ತಾಳ ಇಲ್ಲದವರು ಇಷ್ಟು ನಿಯತ್ತಾಗಿ ತಪ್ಪಲ್ಲ ಕಣ್ರೀ! ಅವರು ಒಂದು ಕಡೆ ಓಡ್ತಾರೆ, ಇನ್ನೊಂದು ಕಡೆ ಎಳೀತಾರೆ, ಮತ್ತೊಂದು ಕಡೆ ಕಾಯ್ತಾರೆ. ಹಾಡಿಡೀ ಒಂದೇ ಅಳತೆಯಲ್ಲಿ ಲೇಟ್ ಆಗ್ಬೇಕು ಅಂದ್ರೆ ಒಳಗೆ ತಾಳ ಗಟ್ಟಿ ಇರಲೇಬೇಕು.

5/9
ಇದೆಲ್ಲ ಯಾಕೆ ಇಷ್ಟು ಸೀರಿಯಸ್ಸಾಗಿ ಬರೀತಿದ್ದೀನಿ ಅಂದ್ರೆ ಒಬ್ಬಳ ವಿಷಯ ಇದೆ. ಹೆಸರು ಹೇಳಲ್ಲ, ಸ್ಪರ್ಧೆ ಯಾವುದು ಅಂತಲೂ ಹೇಳಲ್ಲ. ಗೊತ್ತಿದ್ರೂ ಕಾಮೆಂಟಲ್ಲಿ ಹಾಕ್ಬೇಡಿ, ಪ್ಲೀಸ್.

ಒಂದು ಅಂತರ ಕಾಲೇಜು ಸ್ಪರ್ಧೆ. ಮೊದಲ ಸುತ್ತು ಆನ್‌ಲೈನ್. ಅವರು ಕೊಟ್ಟ ಟ್ರ್ಯಾಕಿಗೆ ಹಾಡಿ, ಸೇರಿಸಿ ಕಳಿಸಬೇಕು. ನನ್ನ ಗೆಳತಿ ಚಿಕ್ಕವಳಿದ್ದಾಗಿಂದ ಸಂಗೀತ ಕಲಿತವಳು. ಅವಳ ಊರಲ್ಲಿ ಭಜನೆ ಇದ್ರೆ ತಾಳ ಅವಳ ಕೈಗೇ ಕೊಡ್ತಾರೆ. ಹಾಸ್ಟೆಲಲ್ಲಿ ಕೂತು ಫೋನಿಗೆ ಬ್ಲೂಟೂತ್ ಇಯರ್‌ಬಡ್ಸ್ ಹಾಕಿ ಹಾಡಿ ಕಳಿಸಿದ್ಲು. ಫಲಿತಾಂಶದ ಜೊತೆ ಒಂದು ಸಾಲು ಬಂತು: ಶ್ರುತಿ ಚೆನ್ನಾಗಿದೆ, ತಾಳದ ಅಭ್ಯಾಸ ಬೇಕು.

ಅವಳು ಯಾರ ಹತ್ರಾನೂ ಜಗಳ ಆಡ್ಲಿಲ್ಲ. ಸುಮ್ಮನೆ ಹಾಡೋದು ಕಮ್ಮಿ ಮಾಡಿದ್ಲು. ನಮ್ಮ ಕಾಲೇಜ್ ಗುಂಪಿನ ಪ್ರಾಕ್ಟೀಸಿಗೂ ಬರೋದು ಬಿಟ್ಲು. ಎಷ್ಟೋ ದಿನದ ಮೇಲೆ ನಾನು ಅವಳ ಒರಿಜಿನಲ್ ದನಿಯ ಫೈಲ್ ಕೇಳಿ ಇಸ್ಕೊಂಡು ಟ್ರ್ಯಾಕ್ ಪಕ್ಕ ಇಟ್ಟು ನೋಡ್ದೆ. ಪಲ್ಲವಿಯಲ್ಲಿ ಸುಮಾರು 180 ಮಿಲಿಸೆಕೆಂಡ್ ಹಿಂದೆ. ಚರಣದಲ್ಲೂ ಅಷ್ಟೇ. ಕೊನೆಯಲ್ಲೂ ಅಷ್ಟೇ. ದನಿಯ ಟ್ರ್ಯಾಕನ್ನ ಇಡೀ 180 ಮುಂದಕ್ಕೆ ಎಳೆದೆ, ಇನ್ನೇನೂ ಮುಟ್ಟಲಿಲ್ಲ. ತಾಳಕ್ಕೆ ಅಂಟಿಕೊಂಡು ಕೂತ್ಕೊಳ್ತು.

ಅವಳಿಗೆ ಕೇಳಿಸಿದೆ. ಪೂರ್ತಿ ಕೇಳಿ ಅವಳು ಅಂದಿದ್ದು, "ಇದನ್ನ ಅವರಿಗೂ ಯಾರಾದ್ರೂ ಹೇಳ್ಬೇಕಿತ್ತಲ್ವಾ?"

ಹೇಳ್ಬೇಕಿತ್ತು. ತೀರ್ಪುಗಾರರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅವರಿಗೆ ಕೇಳಿಸಿದ್ದನ್ನ ಅವರು ಬರೆದ್ರು. ಆದ್ರೆ ವೇದಿಕೆಯಲ್ಲಿ ಹಾಡಿಸಿ ತಾಳ ನೋಡೋದು ಬೇರೆ, ಎಲ್ಲೋ ರೆಕಾರ್ಡ್ ಆದ ಫೈಲ್ ಕೇಳಿ ತಾಳ ನೋಡೋದು ಬೇರೆ. ಎರಡನೆಯದರಲ್ಲಿ ನೀವು ಹಾಡಿದವರನ್ನಷ್ಟೇ ಅಲ್ಲ, ಅವರ ಇಯರ್‌ಬಡ್ಸನ್ನೂ ಕೇಳ್ತಿರ್ತೀರಿ. ಒಳ್ಳೆ ಸಲಕರಣೆ ಇದ್ದವನಿಗೆ ತಾಳದ ಮಾರ್ಕ್ಸು ಪುಕ್ಕಟೆ ಸಿಗುತ್ತೆ, ಇಲ್ಲದವನಿಗೆ ಕಟ್ಟಾಗುತ್ತೆ. ಇದನ್ನ ನಾವು ಪ್ರತಿಭೆ ಅಂತ ಕರೀತಿದ್ದೀವಿ.

6/9
ಸರಿ, ಅಳೆಯೋದು ಹೇಗೆ? ಕಾಸು ಖರ್ಚಿಲ್ಲ. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಇಟ್ಕೊಂಡು ಹೇಳ್ತೀನಿ. ಬೇರೆಯವುಗಳಲ್ಲಿ ಹೆಸರು ಬೇರೆ ಇರಬಹುದು, ಲೆಕ್ಕ ಒಂದೇ.

ಒಂದು: ವೈರ್ ಇರೋ ಇಯರ್‌ಫೋನ್ ಹಾಕಿ. ನೂರಿನ್ನೂರು ರೂಪಾಯಿದಾದ್ರೂ ನಡೆಯುತ್ತೆ.
ಎರಡು: ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಇದೆ. ಅದರಿಂದ ಟಿಕ್ ಟಿಕ್ ಸದ್ದಿನ ಒಂದು ಟ್ರ್ಯಾಕ್ ಮಾಡ್ಕೊಳ್ಳಿ.
ಮೂರು: ಪ್ರಿಫರೆನ್ಸಸ್ ಒಳಗೆ ಲೇಟೆನ್ಸಿ ಕಾಂಪೆನ್ಸೇಶನ್ ಅಂತ ಇರುತ್ತೆ. ಅಲ್ಲಿ ಮೊದಲೇ ಮೈನಸ್ 130 ಅಂತ ಬರೆದಿರುತ್ತೆ. ಅದು ಬರೀ ಅಂದಾಜು, ನಿಮ್ಮ ಲ್ಯಾಪ್‌ಟಾಪ್ ನೋಡಿ ಬರೆದದ್ದಲ್ಲ. ಸದ್ಯಕ್ಕೆ 0 ಮಾಡಿ.
ನಾಲ್ಕು: ಇಯರ್‌ಫೋನಿನ ಒಂದು ಕಿವಿಯನ್ನ ಮೈಕ್‌ಗೆ ಒತ್ತಿ ಹಿಡ್ಕೊಂಡು ಹೊಸ ಟ್ರ್ಯಾಕಲ್ಲಿ ರೆಕಾರ್ಡ್ ಮಾಡಿ. ಹಳೆ ಟ್ರ್ಯಾಕ್ ನುಡಿಯುವಾಗಲೇ ಹೊಸದು ರೆಕಾರ್ಡ್ ಆಗೋ ಆಯ್ಕೆ ಆನ್ ಇರಬೇಕು.
ಐದು: ಝೂಮ್ ಮಾಡಿ. ಮೇಲಿನ ಟಿಕ್‌ಗೂ ಕೆಳಗಿನ ಟಿಕ್‌ಗೂ ನಡುವಿನ ಅಂತರ ಅಳೀರಿ. 148 ಮಿಲಿಸೆಕೆಂಡ್ ಬಂತು ಅನ್ನಿ. ಕಾಂಪೆನ್ಸೇಶನಲ್ಲಿ ಮೈನಸ್ 148 ಹಾಕಿ.
ಆರು: ಮತ್ತೆ ರೆಕಾರ್ಡ್ ಮಾಡಿ ನೋಡಿ. ಎರಡು ಟಿಕ್ಕೂ ಒಂದರ ಕೆಳಗೊಂದು ನಿಂತಿದ್ರೆ ತಾಳೆ ಆಯ್ತು.

ಒಂದೇ ಸಲ ಅಳೆದು ಬಿಡಬೇಡಿ, ಮೂರು ಸಲ ಮಾಡಿ. ಇಯರ್‌ಫೋನ್, ಮೈಕ್ ಅಥವಾ ಬಫರ್ ಬದಲಾಯಿಸಿದ್ರೆ ಮತ್ತೆ ಅಳೀಬೇಕು. ಪಾಸ್ ಬುಕ್ ಬದಲಾದ್ರೆ ಹಳೇ ಬಿಆರ್‌ಎಸ್ ನಡೆಯುತ್ತಾ? ಫೋನ್ ಆಪಲ್ಲಿ ಇಂಥ ಸೆಟ್ಟಿಂಗ್ ಇಲ್ಲದಿದ್ರೆ ಹೀಗೇ ಒಂದು ಸಲ ಅಳೆದು, ಅಷ್ಟು ಮಿಲಿಸೆಕೆಂಡ್ ದನಿಯ ಟ್ರ್ಯಾಕನ್ನ ಹಿಂದಿನಿಂದ ಮುಂದಕ್ಕೆ ಎಳೀರಿ.

ಒಂದು ವಿಷಯ ಗಮನಿಸಿ. ಈ ಲೆಕ್ಕ ರೆಕಾರ್ಡ್ ಆದಮೇಲಿನ ತಡವನ್ನ ಸರಿ ಮಾಡುತ್ತೆ. ಹಾಡುವಾಗಲೇ ನಿಮ್ಮದೇ ದನಿ ಇಯರ್‌ಫೋನಲ್ಲಿ ತಡವಾಗಿ ವಾಪಸ್ ಕೇಳ್ತಿದ್ರೆ ಅದು ಬೇರೆ ಕಾಯಿಲೆ. ತನ್ನದೇ ಮಾತು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸಿದ್ರೆ ಎಂಥವರೂ ತೊದಲ್ತಾರೆ, ನಿಧಾನ ಆಗ್ತಾರೆ. ಅದಕ್ಕೆ ಮದ್ದು: ಸಾಫ್ಟ್‌ವೇರಲ್ಲಿ ಮಾನಿಟರಿಂಗ್ ಆಫ್ ಮಾಡಿ, ಒಂದು ಕಿವಿ ಖಾಲಿ ಬಿಡಿ. ನಿಮ್ಮ ದನಿ ಗಾಳಿಯಲ್ಲೇ ಕೇಳಲಿ, ಟ್ರ್ಯಾಕ್ ಇನ್ನೊಂದು ಕಿವಿಯಲ್ಲಿ ಇರಲಿ.

7/9
ಇದಕ್ಕೆ ಬರೋ ಎದುರು ಮಾತುಗಳಿಗೂ ಉತ್ತರ ಹೇಳಿಬಿಡ್ತೀನಿ.

"ಒಳ್ಳೆ ಗಾಯಕರಾದ್ರೆ ಸ್ವಲ್ಪ ಮುಂಚೆ ಹಾಡಿ ಅಡ್ಜಸ್ಟ್ ಮಾಡ್ಕೊಳ್ತಾರೆ." ಇದು ಹೊಸ ಮಾತಲ್ಲ, ಹೊಸ ಸಮಸ್ಯೆಯೂ ಅಲ್ಲ. ಕಂಪ್ಯೂಟರ್ ಬರೋಕೆ ಮೊದಲೇ, ಟೇಪ್ ಕಾಲದಲ್ಲೂ ಇದಿತ್ತು. ಟೇಪ್ ಯಂತ್ರದಲ್ಲಿ ರೆಕಾರ್ಡ್ ಮಾಡೋ ಹೆಡ್ ಒಂದು ಕಡೆ, ಕೇಳಿಸೋ ಹೆಡ್ ಇನ್ನೊಂದು ಕಡೆ. ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತೆ, ಎರಡು ಹೆಡ್ ನಡುವೆ 2 ಇಂಚು ಇದೆ ಅಂತ ಇಟ್ಕೊಳ್ಳಿ. ತಡ 133 ಮಿಲಿಸೆಕೆಂಡ್. ಹಳೆ ದನಿ ಕೇಳ್ತಾ ಹೊಸ ದನಿ ಸೇರಿಸಿದ್ರೆ ಅಷ್ಟು ಹಿಂದೆ ಬೀಳುತ್ತೆ. ಅಮೆರಿಕದ ಆಂಪೆಕ್ಸ್ ಕಂಪನಿಯವರು 1950ರ ದಶಕದಲ್ಲಿ ಇದಕ್ಕೆ ದಾರಿ ಹುಡುಕಿದ್ರು. ರೆಕಾರ್ಡ್ ಹೆಡ್ಡಿಂದಲೇ ಹಳೆ ಟ್ರ್ಯಾಕ್ ಕೇಳಿಸೋ ವ್ಯವಸ್ಥೆ ಮಾಡಿದ್ರು, ಅದಕ್ಕೆ ಸೆಲ್-ಸಿಂಕ್ ಅಂತ ಹೆಸರಿಟ್ರು. ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಅವರಿಂದ ಎಂಟು ಟ್ರ್ಯಾಕಿನ ಯಂತ್ರ ತರಿಸ್ಕೊಂಡ್ರು. ಅಂದ್ರೆ ತಡ ಕಂಡಾಗ ಅವರು ಯಂತ್ರ ತಿದ್ದಿದ್ರು. ಗಾಯಕರಿಗೆ 133 ಮಿಲಿಸೆಕೆಂಡ್ ಮುಂಚೆ ಹಾಡೋ ಅಭ್ಯಾಸ ಮಾಡಿಸಲಿಲ್ಲ. ನಾವ್ಯಾಕೆ ಮಾಡಿಸ್ಬೇಕು? ಮುಂಚೆ ಹಾಡೋದನ್ನ ರೂಢಿ ಮಾಡ್ಕೊಂಡವಳು ನಾಳೆ ವೇದಿಕೆಯಲ್ಲಿ ಮೃದಂಗದ ಜೊತೆ ಕೂತರೆ ಏನ್ ಗತಿ?

"ಕಿವಿಯಲ್ಲಿ ಕೇಳ್ತಾ ಕೈಯಲ್ಲಿ ಎಳೆದು ಸರಿ ಮಾಡಿದ್ರಾಯ್ತು." ಮಾಡ್ಬಹುದು. ಆದ್ರೆ ಒಂದೊಂದು ಸಾಲನ್ನ ಕತ್ತರಿಸಿ ಒಂದೊಂದು ಅಳತೆಗೆ ಎಳೆದ್ರೆ ಅದು ಕ್ಯಾಶ್ ಬುಕ್ಕಲ್ಲಿ ಗೀಚಿದ ಹಾಗೆ. ಅವಳು ಬೇಕಂತಲೇ ಒಂದು ಕಡೆ ತಡೆದು ಬಿಟ್ಟ ಸ್ವರವೂ ನೇರ ಆಗಿಬಿಡುತ್ತೆ, ಹಾಡು ಸತ್ತುಹೋಗುತ್ತೆ. ಇಡೀ ಟ್ರ್ಯಾಕ್ ಒಂದೇ ಅಳತೆ ಜರುಗಬೇಕು. ಉಳಿದದ್ದು ಹಾಡಿದವರ ಸ್ವತ್ತು.

"ಆಡಿಯೋ ಇಂಟರ್ಫೇಸ್ ತಗೊಳ್ಳಿ." ದುಡ್ಡಿದ್ರೆ ತಗೊಳ್ಳಿ, ಒಳ್ಳೇದೇ. ಆದ್ರೆ ಅದಿಲ್ಲ ಅಂತ ಹಾಡೋದು ನಿಲ್ಲಿಸ್ಬೇಡಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ವೇದಿಕೆ ಮೇಲೆ ಮೂರೂವರೆ ಮೀಟರ್ ದೂರ ಕೂತ ತಬಲಾದವರ ಪೆಟ್ಟು ನಿಮಗೆ ಕೇಳೋದೇ 10 ಮಿಲಿಸೆಕೆಂಡ್ ತಡವಾಗಿ. ಯಾರಾದ್ರೂ ದೂರು ಹೇಳಿದ್ದಾರಾ? ಅಷ್ಟು ಚಿಕ್ಕದಕ್ಕೆ ತಲೆ ಕೆಡಿಸ್ಕೋಬೇಡಿ. ನೂರಿನ್ನೂರರ ತಡ ಹೋದ್ರೆ ಸಾಕು.

8/9
ಗುಂಪಲ್ಲಿ, ಅವರವರ ಮನೆಯಿಂದ ರೆಕಾರ್ಡ್ ಮಾಡಿ ಜೋಡಿಸೋರಿಗೆ.

ವಿಡಿಯೋ ಕಾಲಲ್ಲಿ ಒಟ್ಟಿಗೆ ಹಾಡೋ ಆಸೆ ಬಿಡಿ. ಅಲ್ಲಿ ತಡ ನಿಮಿಷಕ್ಕೊಂದು ಥರ ಇರುತ್ತೆ. ಎಲ್ಲರಿಗೂ ಒಂದೇ ಗೈಡ್ ಟ್ರ್ಯಾಕ್ ಕಳಿಸಿ, ವೈರ್ ಇಯರ್‌ಫೋನಲ್ಲಿ ಕೇಳ್ತಾ ಅವರವರ ಫೋನಲ್ಲಿ ಹಾಡಲಿ.

ಗೈಡ್ ಟ್ರ್ಯಾಕಿನ ಶುರುವಿನಲ್ಲಿ ನಾಲ್ಕು ಟಿಕ್ ಇಡಿ. ನಾಲ್ಕನೇದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಲಿ. ಸಿನಿಮಾ ಶೂಟಿಂಗಲ್ಲಿ ಕ್ಲ್ಯಾಪ್ ಬೋರ್ಡ್ ಬಡಿಯೋದು ಇದಕ್ಕೇ. ಚಿತ್ರ ಒಂದು ಯಂತ್ರದಲ್ಲಿ, ಶಬ್ದ ಇನ್ನೊಂದರಲ್ಲಿ ಇದ್ದಾಗ ಎರಡರಲ್ಲೂ ಗುರುತು ಸಿಗೋ ಒಂದು ಕ್ಷಣ ಬೇಕು. ಆ ಚಪ್ಪಾಳೆಗಳನ್ನ ಒಂದರ ಕೆಳಗೊಂದು ಇಟ್ಟರೆ ಎಲ್ಲರ ತಡವೂ ಒಂದೇ ಏಟಿಗೆ ತಾಳೆ.

ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ. ಯಾಕೆ? ಎರಡು ಫೋನಿನ ಗಡಿಯಾರ ಯಾವತ್ತೂ ಒಂದೇ ಥರ ಓಡಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ರೆ ನಿಮಿಷಕ್ಕೆ 3 ಮಿಲಿಸೆಕೆಂಡ್ ಜಾರುತ್ತೆ. ನಾಲ್ಕು ನಿಮಿಷದ ಹಾಡಲ್ಲಿ 12, ಗೊತ್ತೇ ಆಗಲ್ಲ. ಒಂದು ಗಂಟೆಯ ಕಾರ್ಯಕ್ರಮದಲ್ಲಿ 180. ಶುರುವಲ್ಲಿ ಸರಿ ಇದ್ದು ಕೊನೇಲಿ ತಪ್ಪಿದ್ರೆ ಅದು ಲೇಟೆನ್ಸಿ ಅಲ್ಲ, ಡ್ರಿಫ್ಟ್. ಎಳೆದು ಕೂರಿಸಿದ್ರೆ ಸಾಲದು, ಟ್ರ್ಯಾಕಿನ ಉದ್ದವನ್ನೇ ಚೂರು ತಿದ್ದಬೇಕು.

ಸ್ಯಾಂಪಲ್ ರೇಟ್ ಎಲ್ಲರದ್ದೂ ಒಂದೇ ಇರಲಿ. 48,000ದಲ್ಲಿ ಮಾಡಿದ್ದನ್ನ ಯಾವುದೋ ಸಾಫ್ಟ್‌ವೇರ್ 44,100 ಅಂದ್ಕೊಂಡು ನುಡಿಸಿದ್ರೆ ನಾಲ್ಕು ನಿಮಿಷದ ಹಾಡು 21 ಸೆಕೆಂಡ್ ಉದ್ದ ಆಗುತ್ತೆ, ಶ್ರುತಿಯೂ ಇಳಿಯುತ್ತೆ. ಕಳಿಸುವಾಗ ವೇವ್ ಫೈಲ್ ಕಳಿಸಿ. ಎಂಪಿ3 ಮಾಡಿದ್ರೆ ಆರಂಭದಲ್ಲಿ ಚೂರು ಮೌನ ಸೇರಿಕೊಳ್ಳುತ್ತೆ. ಬ್ಲೂಟೂತ್ ಇಯರ್‌ಬಡ್ಸಿನ ಮೈಕಂತೂ ಬೇಡವೇ ಬೇಡ. ಅದು ಆನ್ ಆದ್ರೆ ಸಾಮಾನ್ಯವಾಗಿ ಶಬ್ದ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತೆ.

ವಿಡಿಯೋ ಸೇರಿಸ್ತೀರಾ? ಸಂದೇಹ ಬಂದ್ರೆ ಶಬ್ದ ಚೂರು ತಡ ಇರಲಿ, ಮುಂಚೆ ಬೇಡ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಶಬ್ದ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದ್ರೇ ನೋಡೋರಿಗೆ ಗೊತ್ತಾಗುತ್ತೆ, ತಡ ಆದ್ರೆ ಸುಮಾರು 125ರವರೆಗೂ ಗೊತ್ತಾಗಲ್ಲ. ಮಿಂಚು ಮೊದಲು, ಗುಡುಗು ಆಮೇಲೆ ಅಂತ ನಮಗೆ ರೂಢಿ ಆಗಿಬಿಟ್ಟಿದೆಯಲ್ಲ.

9/9
ಕೊನೇದಾಗಿ ಮೂರು ಜನರಿಗೆ ಮೂರು ಮಾತು.

ಸ್ಪರ್ಧೆ ನಡೆಸೋರಿಗೆ: ಆನ್‌ಲೈನ್ ಸುತ್ತು ಇಟ್ಟರೆ ನಿಯಮದ ಪಟ್ಟಿಯಲ್ಲಿ ಎರಡು ಸಾಲು ಸೇರಿಸಿ. ವೈರ್ ಇಯರ್‌ಫೋನ್ ಬಳಸಿ ಅಂತ ಒಂದು. ದನಿಯ ಫೈಲ್ ಬೇರೆಯಾಗಿ, ಶುರುವಿನಲ್ಲಿ ಚಪ್ಪಾಳೆಯ ಸಮೇತ ಕಳಿಸಿ ಅಂತ ಇನ್ನೊಂದು. ಜೋಡಿಸೋ ಕೆಲಸ ನೀವೇ ಮಾಡಿ. ಎಲ್ಲರಿಗೂ ಒಂದೇ ತಕ್ಕಡಿ ಆಗುತ್ತೆ. ಅಷ್ಟು ಮಾಡೋಕಾಗಲ್ಲ ಅಂದ್ರೆ ಆನ್‌ಲೈನ್ ಸುತ್ತಲ್ಲಿ ತಾಳಕ್ಕೆ ಅಂಕ ಕಟ್ ಮಾಡ್ಬೇಡಿ. ಶ್ರುತಿ ನೋಡಿ, ಭಾವ ನೋಡಿ, ಉಚ್ಚಾರಣೆ ನೋಡಿ. ತಾಳ ವೇದಿಕೆ ಮೇಲೆ ನೋಡಿ.

ಕಾಮೆಂಟ್ ಮಾಡೋರಿಗೆ: "ತಾಳ ಇಲ್ಲ" ಅಂತ ಟೈಪ್ ಮಾಡೋಕೆ ಎರಡು ಸೆಕೆಂಡ್ ಸಾಕು. ಅದನ್ನ ಓದಿದವರು ಮತ್ತೆ ಮೈಕ್ ಮುಂದೆ ಕೂರೋಕೆ ಎಷ್ಟು ತಿಂಗಳು ಬೇಕೋ ನಿಮಗೆ ಗೊತ್ತಿಲ್ಲ. ಹಾಡು ನಿಜಕ್ಕೂ ಹಿಂದೆ ಬಿದ್ದಿದೆ ಅನ್ಸಿದ್ರೆ ಹೀಗೆ ಕೇಳಿ: "ಬ್ಲೂಟೂತಲ್ಲಿ ರೆಕಾರ್ಡ್ ಮಾಡಿದ್ರಾ?" ಅಷ್ಟೇ. ಅದು ಟೀಕೆಯೂ ಹೌದು, ಸಹಾಯವೂ ಹೌದು.

ಹಾಡೋರಿಗೆ: ಅಳೆದು ನೋಡದೆ ನಿಮ್ಮ ಮೇಲೆ ತೀರ್ಪು ಕೊಟ್ಕೋಬೇಡಿ. ಅಳೆದ ಮೇಲೂ ಒಂದು ಕಡೆ 40, ಒಂದು ಕಡೆ 200, ಒಂದು ಕಡೆ ಮುಂಚೆ ಅಂತ ಬಂದ್ರೆ, ಸರಿ, ಅದು ಅಭ್ಯಾಸದ ವಿಷಯ. ಕೈಯಲ್ಲಿ ತಾಳ ಹಾಕ್ಕೊಂಡು ಕೂತ್ಕೊಳ್ಳಿ, ನಾಚ್ಕೋಬೇಕಾಗಿಲ್ಲ. ಎಲ್ಲಾ ಕಡೆ ಒಂದೇ ಬಂದ್ರೆ, ಆ ನಂಬರನ್ನ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ. ಅದು ನಿಮ್ಮ ಯಂತ್ರದ ಸಾಲ, ನಿಮ್ಮದಲ್ಲ.

ನನ್ನ ಗೆಳತಿ ಇನ್ನೂ ಗುಂಪಿಗೆ ವಾಪಸ್ ಬಂದಿಲ್ಲ. ಅವಳಿಗೋಸ್ಕರ ಒಂದು ಜಾಗ ಖಾಲಿ ಇಟ್ಟಿದ್ದೀವಿ. ನಿಮ್ಮ ಕ್ಲಾಸಲ್ಲೂ ಇಂಥವರು ಒಬ್ಬರಾದ್ರೂ ಇರ್ತಾರೆ, ಮೊದಲು ಹಾಡ್ತಿದ್ದೋರು, ಈಗ ಕೇಳಿದ್ರೆ "ನಂಗೆ ಬರಲ್ಲ ಬಿಡೋ" ಅನ್ನೋರು. ಅವರ ಹಳೇ ಫೈಲ್ ಇಸ್ಕೊಳ್ಳಿ. ಟ್ರ್ಯಾಕ್ ಪಕ್ಕ ಇಡಿ. ಮೂರು ಕಡೆ ಅಳೀರಿ. ಬಂದ ನಂಬರನ್ನ ಅವರಿಗೇ ತೋರಿಸಿ.

ಅಳೆಯೋದ್ರಲ್ಲಿ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಡಿಎಂ ಮಾಡಿ. ಇಂಟರ್ನಲ್ಸ್ ಇಲ್ಲದ ವಾರ ಆಗಿದ್ರೆ ಅವತ್ತೇ ಉತ್ತರ ಕೊಡ್ತೀನಿ.

#ಕನ್ನಡ #ತಾಳ #ಲೇಟೆನ್ಸಿ #ಮನೆರೆಕಾರ್ಡಿಂಗ್ #ಬಿಕಾಂಹುಡುಗರಸಂಗೀತ